ಸ್ಕ್ರೂ ತಲೆಯ ಮೇಲಿನ ಪ್ಲಸ್ ಗುರುತು

ಮನೆಗೊಂದು ಎಲೆಕ್ಟ್ರಿಕ್ ಸ್ಕ್ರೂಡ್ರೈವರ್ ತಗೊಳ್ಳೋಣ ಅಂತ ಹುಡುಕೋಕೆ ಕೂತರೆ ಮೊದಲು ಕಣ್ಣಿಗೆ ಬೀಳೋದು ವೋಲ್ಟೇಜು, ಆರ್‌ಪಿಎಂ, ಜೊತೆಗೆ ಬರೋ ರಾಶಿ ಬಿಟ್‌ಗಳು. ಅದನ್ನೆಲ್ಲ ನೋಡೋಕೆ ಮುಂಚೆ ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಸ್ಕ್ರೂ ತಲೆ ಮೇಲೆ ಪ್ಲಸ್ ಗುರುತು ಯಾಕಿದೆ?

ನಮ್ಮೂರಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಬಿಚ್ಚೋದರಿಂದ ಹಿಡಿದು ರೇಡಿಯೊ ರಿಪೇರಿವರೆಗೂ ಕರೆಂಟ್ ಟೆಸ್ಟರೇ ಸ್ಕ್ರೂಡ್ರೈವರ್. ಒಂದೇ ಗೀಟಿನ ಸ್ಕ್ರೂಗೆ ಅದು ಸಾಕಾಗುತ್ತಿತ್ತು. ಕೈ ನಿಧಾನ, ಜಾರಿದರೆ ಗೊತ್ತಾಗುತ್ತೆ, ನಿಲ್ಲಿಸಬಹುದು. ಮೋಟಾರಿಗೆ ಆ ವ್ಯವಧಾನ ಇಲ್ಲ. ವೇಗವಾಗಿ ತಿರುಗುವ ಬಿಟ್ಟು ಗೀಟಿನಿಂದ ಪಕ್ಕಕ್ಕೆ ಸರಿದು, ಹಲಗೆಯ ಮೇಲೆ ಗೀರು ಎಳೆದುಬಿಡುತ್ತೆ. ಅಂದರೆ ಮೆಷಿನ್ ಬರಬೇಕಾದರೆ ಮೊದಲು ಸ್ಕ್ರೂ ಬದಲಾಗಬೇಕಿತ್ತು.

ಕೆನಡಾದ ಪಿ. ಎಲ್. ರಾಬರ್ಟ್‌ಸನ್ 1908ರ ಹೊತ್ತಿಗೆ ಚೌಕಾಕಾರದ ಗುಳಿ ಇರುವ ಸ್ಕ್ರೂ ಮಾಡಿದ. ಬಿಟ್ಟು ತಾನಾಗೇ ನಡುವೆ ಕೂರುತ್ತೆ, ಸುಲಭಕ್ಕೆ ಜಾರಲ್ಲ. ಫೋರ್ಡ್ ಮಾಡೆಲ್ ಟಿ ಕಾರಿಗೂ ಅದು ಬಳಕೆಯಾಯಿತು. ಅದನ್ನು ತಯಾರಿಸುವ ಹಕ್ಕು ಫೋರ್ಡ್‌ಗೆ ಬೇಕಿತ್ತು. ಆದರೆ ಇಂಗ್ಲೆಂಡಿನಲ್ಲಿ ಹಿಂದೆ ಲೈಸೆನ್ಸ್ ಕೊಟ್ಟು ಕೈ ಸುಟ್ಟುಕೊಂಡಿದ್ದ ರಾಬರ್ಟ್‌ಸನ್ ಒಪ್ಪಲಿಲ್ಲ. ಒಳ್ಳೆ ಸ್ಕ್ರೂ ಕೆನಡಾದಾಚೆ ಹೆಚ್ಚು ಹೋಗಲೇ ಇಲ್ಲ.

ಅಮೆರಿಕದ ಹೆನ್ರಿ ಫಿಲಿಪ್ಸ್ ಇದಕ್ಕೆ ಉಲ್ಟಾ. ಜಾನ್ ಥಾಂಪ್ಸನ್ ಎಂಬಾತನಿಂದ ಪ್ಲಸ್ ತಲೆಯ ಕಲ್ಪನೆಯನ್ನು ಕೊಂಡು, ತಿದ್ದಿ, 1936ರಲ್ಲಿ ಪೇಟೆಂಟ್ ಪಡೆದ. ಸ್ವಂತ ಕಾರ್ಖಾನೆ ಕಟ್ಟೋ ಬದಲು ಕಂಪನಿಗಳಿಗೆ ಲೈಸೆನ್ಸ್ ಕೊಡುತ್ತಾ ಹೋದ. ಜನರಲ್ ಮೋಟಾರ್ಸ್ ತನ್ನ ಕ್ಯಾಡಿಲಾಕ್ ಕಾರಿಗೆ ಅದನ್ನು ಬಳಸಿತು, ಉಳಿದವರು ಹಿಂದೆ ಬಂದರು. ಸಾಫ್ಟ್‌ವೇರ್‌ನವರಿಗೆ ಇದು ಹೊಸ ಕಥೆ ಅಲ್ಲ ಬಿಡಿ. ಗೆಲ್ಲೋದು ಯಾವಾಗಲೂ ಉತ್ತಮ ವಿನ್ಯಾಸವಲ್ಲ, ಎಲ್ಲರ ಕೈಗೂ ಸಿಗೋ ವಿನ್ಯಾಸ.

ಫಿಲಿಪ್ಸ್ ಗುಳಿಯ ಗೋಡೆಗಳು ಇಳಿಜಾರು. ಬಿಗಿ ಹೆಚ್ಚಾದಾಗ ಬಿಟ್ಟು ಮೇಲಕ್ಕೆ ನೂಕಿಸಿಕೊಂಡು ಆಚೆ ಬರುತ್ತೆ. ನಮ್ಮ ಅಂಗಡಿಯವರು 'ಸ್ಟಾರ್' ಅಂತ ಕರೆಯೋ ಸ್ಕ್ರೂಗಳ ತಲೆ ಸವೆದು ಗುಂಡಿಯಾಗೋದು ಹೀಗೇ. ಈ ಕಥೆಯ ಬಾಲ ಇವತ್ತು ನಮ್ಮ ಮನೆಯ ಶೂ ರ‍್ಯಾಕ್‌ನಲ್ಲಿದೆ!

ಮೆಷಿನ್ನಿನ ಕಥೆ ಚಿಕ್ಕದು. 1917ರಲ್ಲಿ ಬ್ಲಾಕ್ ಅಂಡ್ ಡೆಕರ್ ಪಿಸ್ತೂಲಿನ ಹಿಡಿ, ಟ್ರಿಗರ್ ಇರುವ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. 1961ರಲ್ಲಿ ಅದೇ ಕಂಪನಿ ವೈರಿಲ್ಲದ ಡ್ರಿಲ್ ತಂದಿತು. ನಾಸಾ ಕಂಡುಹಿಡಿದದ್ದು ಅನ್ನೋ ಮಾತು ಸುಳ್ಳು. ನಾಸಾ ಕೆಲಸ ಆಮೇಲಿನದು. 2003ರಲ್ಲಿ ಬಾಷ್‌ನ 'ಇಕ್ಸೋ' ಲಿಥಿಯಂ ಅಯಾನ್ ಬ್ಯಾಟರಿಯೊಂದಿಗೆ ಬಂತು. ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದಿದ್ದರೂ ಚಾರ್ಜ್ ಉಳಿಸಿಕೊಳ್ಳೋ ಮೆಷಿನ್ ಮನೆಗೆ ಬಂದದ್ದು ಆಗಲೇ.

ಹಾಗಾದರೆ ಯಾವುದು ಕೊಳ್ಳೋದು? ಶಕ್ತಿಗಿಂತ ಮೊದಲು ಕ್ಲಚ್ ನೋಡಿ. ಮೂತಿಯ ಹತ್ತಿರ ಅಂಕಿಗಳಿರುವ ಬಳೆ ಇದ್ದರೆ, ನಿಗದಿ ಮಾಡಿದಷ್ಟು ಬಿಗಿಯಾದ ಮೇಲೆ ಮೆಷಿನ್ 'ಟಕ ಟಕ' ಅಂತ ತಿರುಗಿಸೋದು ಬಿಡುತ್ತೆ. ಕಡಿಮೆ ಅಂಕಿಯಿಂದ ಶುರು ಮಾಡಿ. ಪಾರ್ಟಿಕಲ್ ಬೋರ್ಡಿನ ಕಪಾಟಿಗೆ, ಸ್ವಿಚ್ ಬೋರ್ಡಿನ ಮುಚ್ಚಳಕ್ಕೆ 3.6 ವೋಲ್ಟಿನದು, 4-5 ನ್ಯೂಟನ್ ಮೀಟರ್ ಟಾರ್ಕ್ ಇರೋದು ಧಾರಾಳ ಸಾಕು. ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಗೋಡೆ ಕೊರೆಯೋ ಕೆಲಸ ಇದರದ್ದಲ್ಲ, ಅದಕ್ಕೆ ಹ್ಯಾಮರ್ ಡ್ರಿಲ್ಲೇ ಬೇಕು.

ಎರಡನೇದು ಬಿಟ್. ನಲವತ್ತು ಅಗ್ಗದ ಬಿಟ್‌ಗಿಂತ ಗಟ್ಟಿಯಾದ ಎರಡು ಪಿಎಚ್2 ಮೇಲು. ಪ್ಲಸ್ ಗೀಟುಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀಟು ಕಂಡರೆ ಅದು ಫಿಲಿಪ್ಸ್ ಅಲ್ಲ, ಪೋಜಿಡ್ರೈವ್. ಅದಕ್ಕೆ ಪಿಜೆಡ್2 ಹಾಕಿ. ಸ್ಕ್ರೂಗೆ ನೇರವಾಗಿ ಒತ್ತಿ ಹಿಡಿದು, ಆಮೇಲೆ ಬಟನ್ ಒತ್ತಿ.

ಜೋರಾಗಿ ತಿರುಗೋ ಮೆಷಿನ್ ಎಲ್ಲ ಅಂಗಡಿಯಲ್ಲೂ ಇದೆ. ಸರಿಯಾದ ಹೊತ್ತಿಗೆ ನಿಲ್ಲೋದಕ್ಕೆ ದುಡ್ಡು ಕೊಡಿ.