ಮಸ್ಕಿಯಲ್ಲಿ ಜನ ಏಕೆ ನೆಲೆಸಿದರು?

ಮಸ್ಕಿ ಎಂದರೆ ಅಶೋಕನ ಶಾಸನ ಎಂದು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಆದರೆ ಜನರಿಲ್ಲದ ಗುಡ್ಡದಲ್ಲಿ ಯಾರೂ ರಾಜನ ಮಾತನ್ನು ಕೆತ್ತಿಸುವುದಿಲ್ಲ. ಶಾಸನಕ್ಕಿಂತ ಊರೇ ಹಳೆಯದು.

ನಮ್ಮೂರು ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ಮಳೆ ಕಡಿಮೆ. ಆದರೂ ಮೂರು ಅನುಕೂಲಗಳು ಇಲ್ಲಿದ್ದವು. ದುರ್ಗದ ಗುಡ್ಡದ ಬಂಡೆಗಳ ಆಸರೆ, ತುಂಗಭದ್ರೆಯತ್ತ ಹರಿಯುವ ಮಸ್ಕಿ ಹಳ್ಳದ ನೀರು, ಸುತ್ತಲಿನ ಎರೆಭೂಮಿ. ಇವುಗಳ ಜೊತೆಗೆ ಹಟ್ಟಿಯಿಂದ ಮಸ್ಕಿಯವರೆಗೆ ಚಿನ್ನದ ಅದಿರಿರುವ ಶಿಲಾಪಟ್ಟಿಯೂ ಹಬ್ಬಿದೆ.

1954ರಲ್ಲಿ ಬಿ. ಕೆ. ಥಾಪರ್ ಅವರು ಇಲ್ಲಿ ಉತ್ಖನನ ನಡೆಸಿದರು. ತಳದ ಪದರದಲ್ಲಿ ಕಲ್ಲಿನ ಸಣ್ಣ ಅಲಗುಗಳು, ಬೂದುಬಣ್ಣದ ಮಡಕೆ ಚೂರುಗಳು, ಮಣಿಗಳು ದೊರೆತವು. ಅದರ ಮೇಲೆ ಕಬ್ಬಿಣ ಬಳಸಿದ, ಕಲ್ಲುಗೋರಿ ಕಟ್ಟಿದ ಜನರ ಪದರ. ಅದರ ಮೇಲೆ ಇತಿಹಾಸ ಕಾಲದ್ದು. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಶಾಸನ ಬರುವ ಎಷ್ಟೋ ತಲೆಮಾರುಗಳ ಮೊದಲೇ ಇಲ್ಲಿ ಒಲೆ ಉರಿದಿತ್ತು.

ಆ ಶಾಸನವನ್ನು 1915ರಲ್ಲಿ ಗುರುತಿಸಿದವರು ಗಣಿ ಎಂಜಿನಿಯರ್ ಸಿ. ಬೀಡನ್. ಆಗ ಮಸ್ಕಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಮಸ್ಕಿ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಆ ರಾಜ ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂಗಳಲ್ಲೂ ಈ ಹೆಸರು ದೊರೆಯಿತು. ಮೊದಲು ಸಿಕ್ಕಿದ್ದು ನಮ್ಮೂರಲ್ಲಿ.

ಇಂದು ನಮ್ಮ ಸೀಮೆಯಿಂದ ಜನ ಗುಳೆ ಹೋಗುತ್ತಾರೆ. ನನ್ನಂಥವರು ಓದಿ ಬೆಂಗಳೂರು ಸೇರುತ್ತೇವೆ. ಬರದ ನಾಡು, ಹಿಂದುಳಿದ ಜಿಲ್ಲೆ ಎಂಬ ಮಾತು ಕೇಳಿ ಕೇಳಿ ನಾವೇ ಅದನ್ನು ನಂಬಿಬಿಟ್ಟಿದ್ದೇವೆ. ಆದರೆ ಜನ ಹುಡುಕಿಕೊಂಡು ಬಂದು ನಿಂತ ನೆಲ ಇದು. ಹಳ್ಳದ ನೀರು, ಹೊಲದ ಮಣ್ಣು ಕೈಕೊಟ್ಟಿದ್ದರೆ ಆ ಪದರಗಳು ಒಂದರ ಮೇಲೊಂದು ಬೆಳೆಯುತ್ತಿರಲಿಲ್ಲ.

ಗುಡ್ಡದ ಶಾಸನಕ್ಕೆ ಸರ್ಕಾರದ ರಕ್ಷಣೆ ಇದೆ. ಹೊಲಗಳಲ್ಲಿ ಹುದುಗಿರುವ ಹಳೆಯ ಊರಿಗೆ ನಾವೇ ಕಾವಲು. ಉಳುವಾಗ ಹಳೆಯ ಮಡಕೆ, ಮಣಿ, ಕೆತ್ತಿದ ಕಲ್ಲು ಕಂಡರೆ ಅಗೆಯದೆ, ಸಿಕ್ಕ ಜಾಗ ಗುರುತಿಟ್ಟು ಶಾಲೆಗೆ ತಿಳಿಸೋಣ. ಗುರುಗಳು ಅದನ್ನು ಪುರಾತತ್ವ ಇಲಾಖೆಗೆ ಮುಟ್ಟಿಸಲಿ. ಹಳ್ಳಕ್ಕೆ ಕಸ ಸುರಿಯುವುದನ್ನು ಬಿಡೋಣ. ಊರು ಹುಟ್ಟಿದ್ದೇ ಅದರ ದಡದಲ್ಲಿ. ಐವತ್ತು ತುಂಬಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಕೊಡಬಹುದಾದ ಕಾಣಿಕೆ ಇದೇ ಎಂದು ನನ್ನ ಭಾವನೆ.