ಅವ್ವ ಇರೋ ಸಿಡಿ

ನಿಮ್ಮ ಮನಿ ಟ್ರಂಕಿನ್ಯಾಗೂ ಮದವಿ ಸಿಡಿ ಅದಾವೇನ್ರಿ? ನಮ್ಮ ತಂಗಿ ಮದವಿದು ಎರಡು ಮೊನ್ನೆ ಸಿಕ್ಕವು. ಅದರಾಗ ನಮ್ಮವ್ವ ಇದ್ದಾಳ, ಈಗ ಸಿಡಿಯೊಳಗಷ್ಟ.

1988ರಾಗ ಇಟಲಿಯ ಲಿಯೊನಾರ್ಡೊ ಕ್ಯಾರಿಲ್ಯೋನೆ, ಜಪಾನಿನ ಹಿರೋಶಿ ಯಸುದಾ ಸೇರಿ ಎಂಪೆಗ್ ಅನ್ನೋ ಪರಿಣತರ ಗುಂಪು ಕಟ್ಟಿದ್ರು. ಅವರ ಎಂಪೆಗ್-1 ಪದ್ಧತಿ ಹಿಡಕೊಂಡು 1993ರಾಗ ವಿಸಿಡಿ ಬಂತು. ಹಾಡಿನ ಸಿಡಿಯಷ್ಟೇ ಜಾಗದಾಗ 74 ನಿಮಿಷದ ಚಿತ್ರ! ಅಮೆರಿಕಾದಾಗ ಅಷ್ಟು ನಡೀಲಿಲ್ಲ; ಚೀನಾದಾಗ, ನಮ್ಮಲ್ಲೆ ಭಾಳ ಓಡ್ತು.

ಹೆಂಗಂದ್ರ, ಅಲುಗಾಡದ ಮಂಟಪಾನ ಮತ್ತ ಮತ್ತ ಬರಿಯೂದಿಲ್ಲ, ಬದಲಾದದ್ದಷ್ಟ ಬರಕೋತದ. ನಾವು ಹಳೇ ಲೆಕ್ಕದ ಕೆಳಗ ಇವತ್ತಿನ ಖರ್ಚಷ್ಟ ಬರದಂಗ. ಆದ್ರ ಅಕ್ಷತಿ ಬಿದ್ದಾಗ ಎಲ್ಲಾ ಒಮ್ಮೆಲೆ ಬದಲಾಗ್ತದ, ಬರಿಯಾಕ ಜಾಗ ಸಾಲೂದಿಲ್ಲ, ಚಿತ್ರ ಚೌಕ ಚೌಕ ಒಡೀತದ.

ಅವ್ವನ ಮುಖ ಅಲ್ಲೇ ಒಡದಿತ್ತು. ಸಿಡಿ ಕೆಟ್ಟದ ಅಂತ ಅತ್ತೆ. ಕೆಟ್ಟಿರಲಿಲ್ಲ, ಮೊದಲಿಂದ ಹಂಗ ಇತ್ತು. ಅಕ್ಷತಿ ನಿಂತ ಮ್ಯಾಲೆ ಅವ್ವ ಸೆರಗು ಸರಿಮಾಡಿಕೊಂಡು ಚಂದಂಗ ಕಾಣ್ತಾಳ.

ಮಗನ ಕಡೆ ಪೆನ್‌ಡ್ರೈವಿಗೆ ಹಾಕಿಸೀನಿ. ಸಿಡಿಗೆ ಗೀರು ಬೀಳೂದ್ರಾಗ ನೀವೂ ಹಾಕಿಸಿಕೊಳ್ರಿ.