ಘನೀಕರಣ ಬಿಂದುವಿನ ಇಳಿಕೆ: ಹಲವು ದ್ರಾವ್ಯಗಳ ಲೆಕ್ಕ

ದ್ರವದಲ್ಲಿ ಬೇರೊಂದು ವಸ್ತು ಕರಗಿದಾಗ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಕರಗಿದ ಕಣಗಳ ಸಂಖ್ಯೆಯನ್ನು ಅವಲಂಬಿಸಿದೆ. ಅವು ಯಾವ ವಸ್ತುವಿನ ಕಣಗಳು ಎಂಬುದನ್ನಲ್ಲ. ಆದ್ದರಿಂದ ತೆಳು ದ್ರಾವಣದಲ್ಲಿ ದ್ರಾವ್ಯಗಳು ಎಷ್ಟಿದ್ದರೂ ಒಂದೊಂದರ ಪಾಲನ್ನು ಕೂಡಿಸಿ ಒಟ್ಟು ಇಳಿಕೆಯನ್ನು ಹೇಳಬಹುದು. ಕರ್ನಾಟಕದಲ್ಲಿ ಈ ಲೆಕ್ಕ ದಿನಬಳಕೆಗೆ ಹತ್ತಿರವಾಗುವುದು ಹಾಲಿನ ಪರೀಕ್ಷೆಯಲ್ಲಿ.

ಬೆಳವಣಿಗೆ

ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಇಳಿಕೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಗ್ಡನ್ 1788ರಲ್ಲಿ ತೋರಿಸಿದರು. ಒಂದೇ ತೂಕದ ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಇಳಿಕೆ ಕೊಡುವುದೇಕೆ ಎಂಬುದು ಮಾತ್ರ ತಿಳಿಯದೆ ಉಳಿಯಿತು. 1880ರ ದಶಕದಲ್ಲಿ ಫ್ರಾನ್ಸಿನ ಫ್ರಾಂಸ್ವಾ ರಾವುಲ್ ತೂಕವನ್ನು ಬಿಟ್ಟು ಅಣುಗಳ ಲೆಕ್ಕ ಹಿಡಿದರು. ಒಂದು ಕಿಲೋಗ್ರಾಂ ನೀರಿಗೆ ಒಂದು ಮೋಲ್‌ನಂತೆ ಕರಗಿದ ಸಕ್ಕರೆಯಂಥ ವಸ್ತು ಸುಮಾರು 1.86 ಡಿಗ್ರಿ ಸೆಲ್ಸಿಯಸ್ ಇಳಿಕೆ ತರುತ್ತದೆ. ಉಪ್ಪು ಹೆಚ್ಚುಕಡಿಮೆ ಇದರ ಎರಡರಷ್ಟು ತರುತ್ತದೆ. ಇದಕ್ಕಾಗಿ ವಾಂಟ್ ಹಾಫ್ ಒಂದು ಗುಣಕವನ್ನು ಸೂಚಿಸಿದರು. ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುವುದೇ ಕಾರಣವೆಂದು 1887ರಲ್ಲಿ ಅರ್ಹೇನಿಯಸ್ ವಿವರಿಸಿದರು. ಪ್ರತಿ ದ್ರಾವ್ಯದ ಮೋಲಾಲಿಟಿಯನ್ನು, ಅಂದರೆ ಒಂದು ಕಿಲೋಗ್ರಾಂ ನೀರಿಗೆ ಎಷ್ಟು ಮೋಲ್ ಎಂಬುದನ್ನು, ಅದರ ಗುಣಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಮೊತ್ತವನ್ನು 1.86ರಿಂದ ಗುಣಿಸುವ ಕ್ರಮ ಹೀಗೆ ರೂಪುಗೊಂಡಿತು. ಗಾಢ ದ್ರಾವಣದಲ್ಲಿ ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ಈ ಲೆಕ್ಕ ತಪ್ಪುತ್ತದೆ. ತೆಳು ಅಯಾನು ದ್ರಾವಣಗಳಲ್ಲಿ ಈ ಸೆಳೆತದ ಪರಿಣಾಮವನ್ನು 1923ರಲ್ಲಿ ಡಿಬೈ ಮತ್ತು ಹುಕೆಲ್ ಸಿದ್ಧಾಂತವಾಗಿ ನಿರೂಪಿಸಿದರು.

ಹಾಲು

ಹಾಲು ಮೈನಸ್ 0.54 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಇದರಲ್ಲಿ ಸುಮಾರು 0.3 ಡಿಗ್ರಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನ ಪಾಲು. ಉಳಿದದ್ದರಲ್ಲಿ ಬಹುಪಾಲು ಲವಣಗಳದು. ನೀರಿನಲ್ಲಿ ಕರಗದ ಕೊಬ್ಬು ಮತ್ತು ಭಾರಿ ಗಾತ್ರದ ಪ್ರೋಟೀನು ಕಣಗಳ ಪಾಲು ನಗಣ್ಯ. ಪರಾಸರಣ ಒತ್ತಡವೂ ಕರಗಿದ ಕಣಗಳ ಸಂಖ್ಯೆಯನ್ನೇ ಅವಲಂಬಿಸಿದೆ; ಹಾಲು ಮತ್ತು ರಕ್ತದಲ್ಲಿ ಅದು ಸಮವಾಗಿರುವುದರಿಂದ, ಕೆಚ್ಚಲು ಬಾವು ಬಂದು ಲ್ಯಾಕ್ಟೋಸ್ ಕುಗ್ಗಿದರೆ ಕ್ಲೋರೈಡ್ ಏರಿ ಮೊತ್ತವನ್ನು ಸರಿದೂಗಿಸುತ್ತದೆ. 

ಕೆನೆ ತೆಗೆದು ನೀರು ಬೆರೆಸಿದರೆ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಮೋಸಹೋಗಬಹುದು. ಘನೀಕರಣ ಬಿಂದು ಹಾಗಲ್ಲ: ಮಾದರಿಯ ಹತ್ತನೇ ಒಂದು ಪಾಲು ನೀರಾದರೆ ಅದು ಮೈನಸ್ 0.49ರ ಹತ್ತಿರಕ್ಕೆ ಏರುತ್ತದೆ. ಅಮೆರಿಕದ ಜೂಲಿಯಸ್ ಹೋರ್ಟ್‌ವೆಟ್ 1921ರಲ್ಲಿ ಇದನ್ನು ಅಳೆಯಲೆಂದೇ ರೂಪಿಸಿದ ಕ್ರಯೋಸ್ಕೋಪ್ ವಿಧಾನ ಹಾಲಿನ ಪ್ರಯೋಗಾಲಯಗಳಲ್ಲಿ ಬಳಕೆಗೆ ಬಂತು.

ಮಿತಿ

ಕೂಡುವ ನಿಯಮವೇ ಕಲಬೆರಕೆಗೂ ದಾರಿ ಮಾಡುತ್ತದೆ. ಮೇಲೆ ಹೇಳಿದ ಏರಿಕೆಯನ್ನು ಮುಚ್ಚಲು ಲೀಟರಿಗೆ ಒಂದು ಗ್ರಾಂನಷ್ಟು ಉಪ್ಪು ಸಾಕು. ಸಕ್ಕರೆ, ಯೂರಿಯಾಗಳಿಂದಲೂ ಇದು ಸಾಧ್ಯ. ಉಷ್ಣತಾಮಾಪಕ ಕಣಗಳನ್ನು ಎಣಿಸುತ್ತದೆ, ಗುರುತಿಸುವುದಿಲ್ಲ. ಹಾಗಾಗಿ ಹಾಲು ಶುದ್ಧವೆಂದು ತೀರ್ಮಾನಿಸುವ ಮೊದಲು ಈ ವಸ್ತುಗಳಿಗೆ ಪ್ರತ್ಯೇಕ ರಾಸಾಯನಿಕ ಪರೀಕ್ಷೆಯೂ ಬೇಕು.